ಒಂದೇ ಹುಲ್ಲೆಂದು ಕಂಡದ್ದು: ಶೀತಶಿಖರಗಳ ಲುಜುಲಾ ಸಸ್ಯಗಳನ್ನು ಬೇರ್ಪಡಿಸಿ ಗುರುತಿಸುವ ಬಗೆ

(ಉಪನ್ಯಾಸದ ಪಠ್ಯ)



ಬೇಣದಲ್ಲಿ ಕರಡ ಕೊಯ್ದು ಬಲ್ಲವರಿಗೆ ಹುಲ್ಲೆಂಬುದು ಒಂದೇ ಬಗೆಯದಾಗಿ ಕಾಣುವುದಿಲ್ಲ. ದನ ಮೂಸಿ ಬಿಡುವುದು ಯಾವುದು, ಮುಗಿಬಿದ್ದು ಮೇಯುವುದು ಯಾವುದು, ಕಿತ್ತಷ್ಟೂ ಚಿಗುರುವ ಕೊನ್ನಾರಿ ಯಾವುದು ಎಂಬುದನ್ನು ಅವರ ಕೈಯೇ ಹೇಳುತ್ತದೆ. ಪೇಟೆಯಿಂದ ಬಂದವನ ಕಣ್ಣಿಗೆ ಅದೇ ಬೇಣ ಬರಿಯ ಹಸಿರು ಹಾಸು. ಈ ಎರಡು ನೋಟಗಳ ನಡುವಿನ ಅಂತರವೇ ಇಂದಿನ ಉಪನ್ಯಾಸದ ವಿಷಯ. ಉದಾಹರಣೆಗೆ ಆಯ್ದುಕೊಂಡಿರುವ ಗಿಡಗಳು ಮಾತ್ರ ಬಹುದೂರದವು: ಧ್ರುವಪ್ರದೇಶದ, ಸ್ಕಾಟ್ಲೆಂಡಿನ ಮತ್ತು ಆಲ್ಪ್ಸ್ ಪರ್ವತದ ಶೀತನೆಲಗಳಲ್ಲಿ ಬೆಳೆಯುವ ಲುಜುಲಾ ಎಂಬ ಕುಲದ ಸಣ್ಣ ಸಸ್ಯಗಳು. ಇಂಗ್ಲಿಷಿನಲ್ಲಿ ಇವುಗಳಿಗೆ ವುಡ್ ರಷ್ ಎಂದು ಹೆಸರು. ಕನ್ನಡದಲ್ಲಿ ಬಳಕೆಯ ಹೆಸರಿಲ್ಲ.

ಅಷ್ಟು ದೂರದ ಗಿಡಗಳ ಮಾತು ಮಲೆನಾಡಿನ ಸಭೆಯಲ್ಲೇಕೆ ಎಂಬ ಪ್ರಶ್ನೆ ಸಹಜವಾದುದು. ಬೆಟ್ಟವು ಬದಲಾಗುತ್ತಿದೆಯೇ ಎಂದು ತಿಳಿಯುವ ಕೆಲಸವು ಜಗತ್ತಿನ ಯಾವ ಪರ್ವತದಲ್ಲಾದರೂ ಕಡೆಗೆ ಒಂದೇ ಸ್ಥಳಕ್ಕೆ ಬಂದು ನಿಲ್ಲುತ್ತದೆ. ಯಾರಾದರೊಬ್ಬರು ಒಂದು ಸಣ್ಣ ಗಿಡದ ಮುಂದೆ ಮೊಣಕಾಲೂರಿ ಕುಳಿತು ಅದರ ಹೆಸರನ್ನು ಬರೆದುಕೊಳ್ಳಬೇಕಾಗುತ್ತದೆ. ಆ ಹೆಸರು ತಪ್ಪಿದರೆ ಅದರ ಮೇಲೆ ಕಟ್ಟಿದ ಲೆಕ್ಕವೆಲ್ಲ ತಪ್ಪುತ್ತದೆ. ಹೆಸರು ತಪ್ಪುವ ಸಂಭವ ಎಷ್ಟಿದೆ, ತಪ್ಪದಂತೆ ನೋಡುವುದು ಹೇಗೆ ಎಂಬುದನ್ನು ಲುಜುಲಾದಷ್ಟು ಚೆನ್ನಾಗಿ ಕಲಿಸುವ ಗಿಡಗಳು ವಿರಳ.

ಹುಲ್ಲಿನಂತಿದ್ದೂ ಹುಲ್ಲಲ್ಲ

ಲುಜುಲಾ ನೋಡಲು ಹುಲ್ಲಿನಂತಿದ್ದರೂ ಹುಲ್ಲಿನ ಕುಟುಂಬಕ್ಕೆ ಸೇರಿದುದಲ್ಲ. ಹುಲ್ಲಿನ ಕಾಂಡ ಸಾಮಾನ್ಯವಾಗಿ ಟೊಳ್ಳು, ಅದರಲ್ಲಿ ಗಿಣ್ಣುಗಳಿರುತ್ತವೆ, ಎಲೆಗಳು ಎರಡು ಸಾಲಿನಲ್ಲಿ ಹೊರಡುತ್ತವೆ. ಕೊನ್ನಾರಿ ಮೊದಲಾದ ಜೇಕಿನ ಜಾತಿಯವುಗಳ ಕಾಂಡವನ್ನು ಬೆರಳ ನಡುವೆ ಹೊರಳಿಸಿದರೆ ಮೂರು ಮೂಲೆಗಳು ತಗಲುತ್ತವೆ, ಎಲೆಗಳು ಮೂರು ಸಾಲಿನಲ್ಲಿರುತ್ತವೆ. ರಷ್ ಎಂದು ಕರೆಯಲಾಗುವ ಮೂರನೆಯ ಕುಟುಂಬದ ಕಾಂಡ ದುಂಡಗೆ, ಗಿಣ್ಣುಗಳು ಎದ್ದು ಕಾಣುವುದಿಲ್ಲ. ಅದರ ಹೂವನ್ನು ಭೂತಗನ್ನಡಿಯಲ್ಲಿ ನೋಡಿದರೆ ಕಂದುಬಣ್ಣದ ಆರು ಪುಟ್ಟ ಪಕಳೆಗಳು ನಕ್ಷತ್ರದಂತೆ ತೋರುತ್ತವೆ. ಗಾತ್ರದಲ್ಲಿ ಕಡಲೆಬೇಳೆಗಿಂತ ಚಿಕ್ಕದಾದರೂ ರಚನೆಯಲ್ಲಿ ಅದು ಲಿಲ್ಲಿ ಹೂವನ್ನು ಹೋಲುತ್ತದೆ.

ಈ ಕುಟುಂಬದಲ್ಲಿ ಎರಡು ದೊಡ್ಡ ಕುಲಗಳಿವೆ. ಜಂಕಸ್ ಕುಲದ ಎಲೆಗಳಲ್ಲಿ ಕೂದಲಿಲ್ಲ, ಕಾಯಿಯಲ್ಲಿ ಹಲವಾರು ಬೀಜಗಳಿರುತ್ತವೆ, ಎಲೆಯ ಬುಡದ ಒರೆ ಒಂದು ಬದಿಯಲ್ಲಿ ತೆರೆದಿರುತ್ತದೆ. ಲುಜುಲಾದ ಎಲೆಯ ಅಂಚಿನಲ್ಲಿ ಸಾಮಾನ್ಯವಾಗಿ ಉದ್ದನೆಯ ಬಿಳಿಯ ಕೂದಲುಗಳಿರುತ್ತವೆ, ಒರೆಯು ಕೊಳವೆಯಂತೆ ಮುಚ್ಚಿರುತ್ತದೆ, ಕಾಯಿಯಲ್ಲಿ ಇರುವುದು ಮೂರೇ ಬೀಜ. ಫ್ರಾನ್ಸಿನ ಸಸ್ಯಸಂಪತ್ತನ್ನು ಕುರಿತ ಗ್ರಂಥದಲ್ಲಿ ಡಿ ಕ್ಯಾಂಡೋಲ್ ಎಂಬ ವಿಜ್ಞಾನಿ 1805ರಲ್ಲಿ ಈ ಕುಲವನ್ನು ಪ್ರತ್ಯೇಕಿಸಿದನು. ಅದಕ್ಕೂ ಮೊದಲು, 1753ರಲ್ಲಿ, ಲಿನೇಯಸ್ ಇವುಗಳನ್ನು ಜಂಕಸ್ ಕುಲದಲ್ಲಿಯೇ ಸೇರಿಸಿದ್ದನು. ಇಂದು ಈ ಕುಲದಲ್ಲಿ ನೂರಕ್ಕೂ ಮೇಲ್ಪಟ್ಟು ಪ್ರಭೇದಗಳನ್ನು ಗುರುತಿಸಲಾಗಿದೆ. ಹಿಮಾಲಯದಲ್ಲಿಯೂ ಹಲವು ಇವೆ.

ಕುಲವನ್ನು ಗುರುತಿಸುವುದು ಒಂದು ದಿನದ ಅಭ್ಯಾಸ. ಪ್ರಭೇದವನ್ನು ಗುರುತಿಸುವಲ್ಲಿ ಕಷ್ಟ ಆರಂಭವಾಗುತ್ತದೆ. ಚಳಿ ಹೆಚ್ಚಿದ ಕಡೆ ಗಿಡಗಳೆಲ್ಲ ಕುಳ್ಳಾಗಿ, ಎಲೆ ಕಿರಿದಾಗಿ, ಹೂವು ಕಪ್ಪುಗಂದಾಗಿ ಒಂದನ್ನೊಂದು ಹೋಲತೊಡಗುತ್ತವೆ. ಗಾಳಿಗೆ ಸಿಕ್ಕಿ ಕೂದಲು ಉದುರಿ ಎಲೆ ಬೋಳಾಗಿರುವುದೂ ಉಂಟು.

ಒಂದೇ ಬೆಟ್ಟದ ಎರಡು ಗಿಡಗಳು

ಸುಲಭವಾದ ಜೋಡಿಯೊಂದರಿಂದ ಆರಂಭಿಸಬಹುದು. ಸ್ಕಾಟ್ಲೆಂಡಿನ ಕೇರ್ನ್‌ಗಾರ್ಮ್ ಪರ್ವತಸಮೂಹದ ಅತಿ ಎತ್ತರದ ಶಿಖರ ಬೆನ್ ಮ್ಯಾಕ್‌ಡೂಯಿ, ಎತ್ತರ 1,309 ಮೀಟರ್. ಆ ಪ್ರಸ್ಥಭೂಮಿಯ ಕಲ್ಲುಜಲ್ಲಿಯ ನೆಲದಲ್ಲಿ ಲುಜುಲಾ ಸ್ಪೈಕೇಟಾ ಮತ್ತು ಲುಜುಲಾ ಆರ್ಕುಯೇಟಾ ಎಂಬ ಎರಡು ಪ್ರಭೇದಗಳಿವೆ. ಎರಡೂ ಗೇಣುದ್ದದ ಒಳಗಿನ ಗಿಡಗಳು. ಎರಡರ ಎಲೆಯೂ ಕಿರಿದು, ನಡುವೆ ಕಾಲುವೆಯಂತೆ ಕುಳಿ. ಎರಡರ ಹೂವೂ ಕಂದು. ಹೂಗೊಂಚಲಿಲ್ಲದ ಕಾಲದಲ್ಲಿ ನೋಡಿದವರು ಎರಡಕ್ಕೂ ಒಂದೇ ಹೆಸರು ಬರೆದರೆ ಆಶ್ಚರ್ಯವಿಲ್ಲ.

ಗೊಂಚಲು ಬಂದ ಮೇಲೆ ವ್ಯತ್ಯಾಸ ತಾನಾಗಿ ತೋರುತ್ತದೆ. ಸ್ಪೈಕೇಟಾ ಎಂದರೆ ತೆನೆಯುಳ್ಳದ್ದು. ಅದರ ಹೂವುಗಳೆಲ್ಲ ಒತ್ತಾಗಿ ಸೇರಿ ಒಂದೇ ತೆನೆಯಾಗಿ, ಕಾಳು ತುಂಬಿದ ರಾಗಿಯಂತೆ ತುದಿಯಲ್ಲಿ ಒಂದು ಬದಿಗೆ ಬಾಗುತ್ತದೆ. ಆರ್ಕುಯೇಟಾ ಎಂದರೆ ಬಿಲ್ಲಿನಂತೆ ಬಾಗಿದ್ದು. ಅದರಲ್ಲಿ ಕೆಲವೇ ಹೂಗಳ ಹಲವು ಪುಟ್ಟ ಗುಂಪುಗಳಿದ್ದು, ಒಂದೊಂದು ಗುಂಪೂ ತನ್ನದೇ ಸಣ್ಣ ತೊಟ್ಟಿನ ಮೇಲೆ ಹೊರಮುಖವಾಗಿ ಬಾಗಿ ತೂಗುತ್ತದೆ. ಮೊದಲನೆಯದರಲ್ಲಿ ಬಾಗಿರುವುದು ಇಡೀ ತೆನೆ, ಎರಡನೆಯದರಲ್ಲಿ ಬಾಗಿರುವುದು ಬಿಡಿಬಿಡಿ ತೊಟ್ಟುಗಳು. ಈ ಒಂದು ಸಂಗತಿ ಮನಸ್ಸಿನಲ್ಲಿ ನಿಂತರೆ ಈ ಜೋಡಿಯಲ್ಲಿ ತಪ್ಪುವುದಿಲ್ಲ.

ತಪ್ಪದಿರುವುದರಿಂದ ಆಗುವ ಪ್ರಯೋಜನವನ್ನೂ ಗಮನಿಸಬೇಕು. ಸ್ಪೈಕೇಟಾ ಯೂರೋಪಿನ ಬಹುಪಾಲು ಎತ್ತರದ ಪರ್ವತಗಳಲ್ಲಿ ವ್ಯಾಪಿಸಿರುವ ಗಿಡ. ಆರ್ಕುಯೇಟಾ ಬ್ರಿಟನ್ನಿನಲ್ಲಿ ಅಪರೂಪದ್ದು. ಸ್ಕಾಟ್ಲೆಂಡಿನ ಕೆಲವೇ ಎತ್ತರದ ಬೆಟ್ಟಗಳಲ್ಲಿ, ಹಿಮ ತಡವಾಗಿ ಕರಗುವ ಬೋಳು ನೆಲದಲ್ಲಿ ಮಾತ್ರ ಅಲ್ಲಿ ಉಳಿದುಕೊಂಡಿದೆ. ಅದೇ ಕೇರ್ನ್‌ಗಾರ್ಮ್ ಸಮೂಹದ ಬ್ರೇರಿಯಾಕ್ ಬೆಟ್ಟದ ಕೊರಕಲಿನಲ್ಲಿ ವರ್ಷವಿಡೀ ಉಳಿಯುತ್ತಿದ್ದ ಹಿಮದ ತುಣುಕೊಂದಿದೆ. ಇಪ್ಪತ್ತನೆಯ ಶತಮಾನದಲ್ಲಿ ಅದು ಪೂರ್ತಿ ಕರಗಿದ್ದು 1933, 1959 ಮತ್ತು 1996ರಲ್ಲಿ ಮಾತ್ರ ಎಂದು ದಾಖಲಾಗಿದೆ. ಈ ಶತಮಾನದ ಮೊದಲ 21 ವರ್ಷಗಳಲ್ಲಿಯೇ 2003, 2006, 2017, 2018 ಮತ್ತು 2021ರಲ್ಲಿ, ಅಂದರೆ ಐದು ಸಲ, ಅದು ಕಾಣದಾಯಿತು. ಹಿಮವನ್ನೇ ನಂಬಿದ ಗಿಡದ ಸ್ಥಿತಿ ಏನಾಗುತ್ತಿದೆ ಎಂದು ಅಲ್ಲಿ ಕೇಳಬೇಕಾದರೆ ಅದನ್ನು ಹಿಮವನ್ನು ನಂಬದ ಗಿಡದಿಂದ ಬೇರ್ಪಡಿಸಿ ಎಣಿಸಿರಬೇಕು. ಎರಡನ್ನೂ ಸೇರಿಸಿ ‘ಲುಜುಲಾ ಹೇರಳವಾಗಿದೆ’ ಎಂದು ಬರೆದಿಟ್ಟ ಪುಸ್ತಕದಲ್ಲಿ ಅಪರೂಪದ ಗಿಡವು ಅಳಿದುಹೋದರೂ ಸುದ್ದಿಯಾಗುವುದಿಲ್ಲ.

ಧ್ರುವದ ಅಂಚಿನಲ್ಲಿ

ಸ್ಕಾಟ್ಲೆಂಡಿನಿಂದ ಇನ್ನೂ ಉತ್ತರಕ್ಕೆ, ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಸಮೂಹದಲ್ಲಿ, ಗೊಂದಲ ಇಮ್ಮಡಿಯಾಗುತ್ತದೆ. ಭಾರತಕ್ಕೂ ಈ ದ್ವೀಪಕ್ಕೂ ಒಂದು ನಂಟಿದೆ. ಅಲ್ಲಿಯ ನೀ-ಓಲೆಸುಂಡ್ ಎಂಬಲ್ಲಿ, ಸುಮಾರು 79 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಭಾರತದ ಸಂಶೋಧನಾ ಕೇಂದ್ರವಾದ ‘ಹಿಮಾದ್ರಿ’ 2008ರಲ್ಲಿ ಆರಂಭವಾಯಿತು. ಆ ದ್ವೀಪಗಳಲ್ಲಿ ಮರವೆಂಬುದಿಲ್ಲ. ಇರುವ ಹಸಿರಿನಲ್ಲಿ ಲುಜುಲಾದ ಪಾಲು ಗಣನೀಯವಾದುದು.

ಅಲ್ಲಿ ಹೆಚ್ಚಾಗಿ ಕಾಣುವುದು ಲುಜುಲಾ ಕನ್ಫ್ಯೂಸಾ. ಹೆಸರಿನಲ್ಲಿಯೇ ಗೊಂದಲವಿದೆ. ಅದನ್ನು ಆರ್ಕುಯೇಟಾದ ಉಪಪ್ರಭೇದವೆಂದು ಎಣಿಸುವ ವಿಜ್ಞಾನಿಗಳೂ ಇದ್ದಾರೆ. ಅದರ ಗಿಡ ಒತ್ತಾದ ಕುಚ್ಚಾಗಿ ಬೆಳೆಯುತ್ತದೆ, ಬುಡದಲ್ಲಿ ಹಳೆಯ ವರ್ಷಗಳ ಒಣ ಎಲೆಗಳು ಉಳಿದಿರುತ್ತವೆ. ಎಲೆ ಕಿರಿದಾಗಿ, ಕುಳಿಯಾಗಿ, ತುದಿಯತ್ತ ಮೊನಚಾಗುತ್ತದೆ. ಬಣ್ಣದಲ್ಲಿ ಕೆಂಪಿನ ಛಾಯೆಯಿದೆ. ಹೂಗುಂಪುಗಳಲ್ಲಿ ಒಂದಾದರೂ ನೆಟ್ಟಗಿನ ಬಿರುಸಾದ ತೊಟ್ಟಿನ ಮೇಲಿರುತ್ತದೆ. ಆರ್ಕುಯೇಟಾದ ತೊಟ್ಟು ಬಾಗಿ ತೂಗಿದರೆ ಇದರದು ನಿಗುರಿ ನಿಲ್ಲುತ್ತದೆ.

ಅದರ ಪಕ್ಕದಲ್ಲಿಯೇ ಇರಬಹುದಾದ ಇನ್ನೊಂದು, ಲುಜುಲಾ ನಿವಾಲಿಸ್. ‘ಹಿಮದ’ ಎಂಬುದು ಆ ಹೆಸರಿನ ಅರ್ಥ. ಇದನ್ನು ಮೊದಲು ಗುರುತಿಸಿದವನು ಲಾರ್ಸ್ ಲೆವಿ ಲೆಸ್ಟಾಡಿಯಸ್. 1800ರಲ್ಲಿ ಹುಟ್ಟಿ 1861ರಲ್ಲಿ ತೀರಿಕೊಂಡ ಈತ ಸ್ವೀಡನ್ನಿನ ಉತ್ತರದ ಲ್ಯಾಪ್‌ಲ್ಯಾಂಡಿನಲ್ಲಿ ಧರ್ಮಗುರುವಾಗಿದ್ದು, ಸ್ಥಳೀಯ ಸಾಮಿ ಜನರ ನಡುವೆ ಬಾಳುತ್ತ ಸಸ್ಯಗಳನ್ನು ಅಭ್ಯಸಿಸಿದವನು. ದೂರದ ನಗರದ ವಿದ್ವಾಂಸರ ಕಣ್ಣಿಗೆ ಬೀಳದ ಭೇದ ಆ ನೆಲದಲ್ಲಿ ದಿನವೂ ನಡೆದಾಡುತ್ತಿದ್ದವನಿಗೆ ಕಂಡದ್ದು ಸಹಜ. ನಿವಾಲಿಸ್‌ನ ಎಲೆ ಗಿಡ್ಡ, ಅಗಲ, ಚಪ್ಪಟೆ. ಹೂಗಳೆಲ್ಲ ಸಾಮಾನ್ಯವಾಗಿ ಒಂದೇ ಬಿಗಿಯಾದ ಉಂಡೆಯಾಗಿ ಸೇರಿ ಕಪ್ಪೆನ್ನುವಷ್ಟು ಗಾಢವಾಗಿರುತ್ತವೆ. ಮೂರನೆಯದು ಲುಜುಲಾ ವಾಲೆನ್‌ಬರ್ಗಿಯೈ. ಅದರಲ್ಲಿ ಹೂಗಳು ಗುಂಪುಗೂಡದೆ ಒಂದೊಂದಾಗಿ, ನೂಲಿನಂಥ ಉದ್ದ ತೊಟ್ಟುಗಳಲ್ಲಿ ಜೋತಾಡುತ್ತವೆ.

ಈ ಮೂರರ ನೆಲೆಗಳೂ ಬೇರೆ. ಗಾಳಿಗೆ ತೆರೆದ ಒಣ ದಿಣ್ಣೆಯಲ್ಲಿ ಕನ್ಫ್ಯೂಸಾ, ತೇವ ನಿಲ್ಲುವ ನೆಲದಲ್ಲಿ ನಿವಾಲಿಸ್, ಪಾಚಿ ತುಂಬಿದ ಜೌಗಿನಲ್ಲಿ ವಾಲೆನ್‌ಬರ್ಗಿಯೈ. ಇದು ಪುಸ್ತಕದ ವಿವರವಷ್ಟೇ ಆಗಿ ಉಳಿಯುವುದಿಲ್ಲ. ಸ್ವಾಲ್‌ಬಾರ್ಡಿನ ಕಾಡು ಹಿಮಸಾರಂಗವು ಚಳಿಗಾಲದಲ್ಲಿ ಮೇಯುವ ಗಿಡಗಳಲ್ಲಿ ಕನ್ಫ್ಯೂಸಾ ಮುಖ್ಯವಾದುದು. ದಿಣ್ಣೆಯ ಹಿಮವನ್ನು ಗಾಳಿ ಹಾರಿಸಿ ತೆಳುಮಾಡುವುದರಿಂದ ಪ್ರಾಣಿಯ ಗೊರಸಿಗೆ ಮೇವು ಸಿಗುತ್ತದೆ. ಚಳಿಗಾಲದ ನಡುವೆ ಬಿಸಿ ಏರಿ ಹಿಮದ ಮೇಲೆ ಮಳೆ ಸುರಿದರೆ ಆ ನೀರು ನೆಲದ ಮೇಲೆ ಗಟ್ಟಿ ಮಂಜುಗಡ್ಡೆಯಾಗಿ ಹೆಪ್ಪುಗಟ್ಟಿ ಮೇವನ್ನು ಒಳಗೆ ಬಂಧಿಸುತ್ತದೆ. ಅಂಥ ವರ್ಷಗಳಲ್ಲಿ ಹಸಿವಿನಿಂದ ಸಾರಂಗಗಳು ಸಾಯುತ್ತವೆ. ಎಷ್ಟು ಮೇವಿದೆ, ಎಲ್ಲಿದೆ ಎಂದು ಹೇಳಬೇಕಾದವರು ದಿಣ್ಣೆಯ ಗಿಡವನ್ನೂ ತೇವದ ಗಿಡವನ್ನೂ ಒಂದಾಗಿಸಿದರೆ ಆ ಲೆಕ್ಕ ಯಾರ ಉಪಯೋಗಕ್ಕೂ ಬಾರದು.

ಆಲ್ಪ್ಸ್ ಪರ್ವತದ ಪಾಠ

ಯೂರೋಪಿನ ನಡುವಿನ ಆಲ್ಪ್ಸ್‌ನಲ್ಲಿ ಪ್ರಭೇದಗಳು ಇನ್ನೂ ಹೆಚ್ಚು. ಅವುಗಳಲ್ಲಿ ಲುಜುಲಾ ಲೂಟಿಯಾ ಎಂಬುದನ್ನು ಹೂ ಬಿಟ್ಟಾಗ ಗುರುತಿಸುವುದು ಸುಲಭ, ಅದರ ಪಕಳೆ ಹಳದಿ. ಆದರೆ ಅದರ ಎಲೆಯಲ್ಲಿ ಕೂದಲು ಇಲ್ಲವೆನ್ನುವಷ್ಟು ಕಡಿಮೆ. ‘ಲುಜುಲಾ ಎಂದರೆ ಕೂದಲಿನ ಎಲೆ’ ಎಂದು ಒಂದೇ ಲಕ್ಷಣವನ್ನು ಕಲಿತವರು ಇಲ್ಲಿ ಎಡವುತ್ತಾರೆ. ಒರೆಯ ಬಾಯಿಯ ಬಳಿ ಹುಡುಕಿದರೆ ಅಲ್ಲಿ ಕೆಲವು ಕೂದಲುಗಳು ಸಿಗುತ್ತವೆ. ಲುಜುಲಾ ಅಲ್ಪೈನೋಪೈಲೋಸಾ ಎಂಬುದು ಹಿಮ ಬಹುಕಾಲ ನಿಲ್ಲುವ ತಗ್ಗುಗಳ ಗಿಡ. ತಗ್ಗಿನಲ್ಲಿ ಕಂದು ಹೂವಿನ ರಾಶಿಯಾಗಿ ಅದು ಹರಡಿರುವಲ್ಲಿ ಹಿಮ ತಡವಾಗಿ ಕರಗುತ್ತದೆ ಎಂದು ಬೇಸಗೆಯಲ್ಲಿ ಹೋದವರೂ ಊಹಿಸಬಹುದು.

ಹೆಚ್ಚು ತೊಡಕಾದುದು ಕ್ಯಾಂಪೆಸ್ಟ್ರಿಸ್, ಮಲ್ಟಿಫ್ಲೋರಾ, ಸುಡೆಟಿಕಾ ಎಂಬ ಗುಂಪು. ಕ್ಯಾಂಪೆಸ್ಟ್ರಿಸ್ ನೆಲದಲ್ಲಿ ಬಳ್ಳಿಯಂಥ ಕಾಂಡ ಚಾಚಿ ಹರಡುತ್ತದೆ, ಮಲ್ಟಿಫ್ಲೋರಾ ಕುಚ್ಚಾಗಿ ನಿಲ್ಲುತ್ತದೆ. ಹೂವಿನಲ್ಲಿ ಪರಾಗಕೋಶವನ್ನು ಅದರ ದಂಟಿನೊಡನೆ ಹೋಲಿಸಬೇಕು. ಕ್ಯಾಂಪೆಸ್ಟ್ರಿಸ್‌ನಲ್ಲಿ ಪರಾಗಕೋಶವು ದಂಟಿಗಿಂತ ಹಲವು ಪಟ್ಟು ಉದ್ದ, ಮಲ್ಟಿಫ್ಲೋರಾದಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಎತ್ತರದ ತೇವನೆಲದ ಸುಡೆಟಿಕಾದಲ್ಲಿ ಹೂಗುಂಪುಗಳು ಒತ್ತಾಗಿ ಕಪ್ಪುಗಂದಾಗಿದ್ದು, ಒಳಗಿನ ಮೂರು ಪಕಳೆಗಳು ಹೊರಗಿನವುಗಳಿಗಿಂತ ಗಿಡ್ಡ. ಕ್ಯಾಂಪೆಸ್ಟ್ರಿಸ್‌ನ ಬೀಜದ ತುದಿಯಲ್ಲಿ ಎಣ್ಣೆಯಂಶವುಳ್ಳ ಬಿಳಿಯ ಗಂಟೊಂದಿದೆ. ಅದನ್ನು ತಿನ್ನುವ ಆಸೆಗೆ ಇರುವೆಗಳು ಬೀಜವನ್ನು ಹೊತ್ತೊಯ್ದು ಬಿತ್ತುತ್ತವೆ. ಸುಡೆಟಿಕಾದಲ್ಲಿ ಆ ಗಂಟು ತೀರ ಸಣ್ಣದು.

ಹೊರಗಿನ ಇಷ್ಟು ಸೂಕ್ಷ್ಮವಾದ ಭೇದಗಳ ಹಿಂದೆ ಒಳಗಿನ ದೊಡ್ಡ ಭೇದವಿದೆ. ಕ್ಯಾಂಪೆಸ್ಟ್ರಿಸ್‌ನ ಜೀವಕೋಶದಲ್ಲಿ 12 ವರ್ಣತಂತುಗಳಿದ್ದರೆ ಸುಡೆಟಿಕಾದಲ್ಲಿ 48 ಇವೆ, ಆದರೆ ಅವು ಬಹು ಚಿಕ್ಕವು. ಬಹುಪಾಲು ಸಸ್ಯಗಳಲ್ಲಿ ವರ್ಣತಂತುವಿಗೆ ಕೋಶ ಒಡೆಯುವಾಗ ಎಳೆಯಲ್ಪಡುವ ಒಂದೇ ಬಿಂದುವಿರುತ್ತದೆ. ಲುಜುಲಾದಲ್ಲಿ ಆ ಶಕ್ತಿ ತಂತುವಿನ ಉದ್ದಕ್ಕೂ ಹರಡಿರುವುದರಿಂದ ತಂತು ತುಂಡಾದರೂ ತುಂಡುಗಳು ಕಳೆದುಹೋಗದೆ ಮುಂದಿನ ಪೀಳಿಗೆಗೆ ಸಾಗುತ್ತವೆ. ಸ್ವೀಡನ್ನಿನ ಹೆಡ್ಡಾ ನೋರ್ಡೆನ್‌ಶೋಲ್ಡ್ 1950ರ ದಶಕದಲ್ಲಿ ಈ ಕುಲದ ವರ್ಣತಂತುಗಳನ್ನು ವಿಸ್ತಾರವಾಗಿ ಅಭ್ಯಸಿಸಿದರು. ಕಣ್ಣಿಗೆ ಒಂದೇ ಎಂದು ಕಂಡ ಗಿಡಗಳು ಒಳಗೆ ಎಷ್ಟು ಬೇರೆಯಾಗಿರಬಹುದು ಎಂಬುದಕ್ಕೆ ಇದು ಸಾಕ್ಷಿ.

ಹೆಸರು ಮತ್ತು ಲೆಕ್ಕ

ಸ್ವಿಟ್ಜರ್‌ಲೆಂಡಿನ ಪಿಟ್ಸ್ ಲಿನಾರ್ಡ್ ಶಿಖರದ ಎತ್ತರ 3,410 ಮೀಟರ್. 1835ರಲ್ಲಿ ಓಸ್ವಾಲ್ಡ್ ಹೇರ್ ಎಂಬ ವಿಜ್ಞಾನಿ ಅದರ ನೆತ್ತಿಯಲ್ಲಿ ಕಂಡದ್ದು ಒಂದೇ ಒಂದು ಹೂಗಿಡ. 2011ರಲ್ಲಿ ಅಲ್ಲಿ 16 ಪ್ರಭೇದಗಳಿದ್ದವು. ಯೂರೋಪಿನ 302 ಶಿಖರಗಳ 145 ವರ್ಷಗಳ ದಾಖಲೆಗಳನ್ನು ಒಟ್ಟುಗೂಡಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. 2007ರಿಂದ 2016ರ ವರೆಗಿನ ದಶಕದಲ್ಲಿ ಶಿಖರಗಳಿಗೆ ಹೊಸ ಪ್ರಭೇದಗಳು ಸೇರಿದ ವೇಗವು ಐವತ್ತು ವರ್ಷ ಹಿಂದಿನ ದಶಕದ ಐದು ಪಟ್ಟಾಗಿದೆ ಎಂದು ಅದು ತೋರಿಸಿತು. ಬಿಸಿ ಏರಿದಂತೆ ಕೆಳಗಿನ ಗಿಡಗಳು ಮೇಲೇರುತ್ತಿವೆ. ಮೇಲಿನ ಗಿಡಗಳಿಗೆ ಇನ್ನೂ ಏರಲು ಬೆಟ್ಟವಿಲ್ಲ. ಪ್ರಭೇದಗಳ ಸಂಖ್ಯೆ ಹೆಚ್ಚಾಯಿತೆಂಬ ಸುದ್ದಿ ಹಿತವೆನಿಸಬಹುದು. ಬಂದವರು ಯಾರು, ಇದ್ದವರು ಯಾರು ಎಂದು ಹೆಸರಿಟ್ಟು ನೋಡಿದಾಗ ಮಾತ್ರ ಅದರೊಳಗಿನ ನಷ್ಟ ಕಾಣುತ್ತದೆ.

2001ರಲ್ಲಿ ಯೂರೋಪಿನಲ್ಲಿ ಕ್ಷೇತ್ರಕಾರ್ಯ ಆರಂಭಿಸಿದ ‘ಗ್ಲೋರಿಯಾ’ ಎಂಬ ಶಿಖರ ವೀಕ್ಷಣಾ ಜಾಲವು ಈ ಕೆಲಸಕ್ಕೆ ಸರಳವಾದ ವಿಧಾನವನ್ನು ಗೊತ್ತುಪಡಿಸಿದೆ. ಪ್ರತಿ ಶಿಖರದ ನಾಲ್ಕು ದಿಕ್ಕುಗಳಲ್ಲಿ ತಲಾ ನಾಲ್ಕರಂತೆ ಒಂದು ಮೀಟರ್ ಅಗಲ, ಒಂದು ಮೀಟರ್ ಉದ್ದದ 16 ಚೌಕಗಳನ್ನು ಗುರುತಿಸಿ, ಕೆಲವು ವರ್ಷಗಳಿಗೊಮ್ಮೆ ಅದೇ ಚೌಕದ ಗಿಡಗಳನ್ನೆಲ್ಲ ಬರೆಯಲಾಗುತ್ತದೆ. ಉತ್ತರಾಖಂಡದ ಹಿಮಾಲಯದಲ್ಲಿಯೂ ಇಂಥ ಶಿಖರಗಳಿವೆ. ಈ ವಿಧಾನಕ್ಕೆ ಬೇಕಾದುದು ದಾರ, ಗೂಟ, ನೋಟುಪುಸ್ತಕ, ಭೂತಗನ್ನಡಿ ಮತ್ತು ಹೆಸರು ತಪ್ಪದ ಕಣ್ಣು.

ಗುರುತಿಸುವ ಕ್ರಮ

ಆ ಕಣ್ಣನ್ನು ರೂಢಿಸಿಕೊಳ್ಳಲು ಲುಜುಲಾ ಕಲಿಸುವ ಕ್ರಮವಿದು. ಮೊದಲು ಗಿಡವನ್ನು ಕೀಳದೆ ಅದು ನಿಂತ ನೆಲವನ್ನು ನೋಡಬೇಕು: ದಿಣ್ಣೆಯೋ ತಗ್ಗೋ, ಒಣವೋ ಜೌಗೋ. ಎರಡನೆಯದಾಗಿ ಬುಡ: ಕುಚ್ಚೋ, ಹರಡಿದ ಬಳ್ಳಿಯೋ, ಒರೆಯ ಬಣ್ಣವೇನು. ಮೂರನೆಯದಾಗಿ ಎಲೆ: ಚಪ್ಪಟೆಯೋ ಕುಳಿಯೋ, ತುದಿ ಹೇಗಿದೆ, ಕೂದಲು ಎಲ್ಲಿದೆ. ನಾಲ್ಕನೆಯದಾಗಿ ಗೊಂಚಲು: ಒಂದು ತೆನೆಯೋ, ಒಂದು ಉಂಡೆಯೋ, ಬಾಗಿದ ತೊಟ್ಟುಗಳೋ, ನೆಟ್ಟಗಿನವೋ, ಒಂಟಿ ಹೂಗಳೋ. ಕಡೆಯದಾಗಿ ಭೂತಗನ್ನಡಿ ಹಿಡಿದು ಪಕಳೆ, ಪರಾಗಕೋಶ, ಬೀಜ. ಹೂವಿನಲ್ಲಿ ಹೆಣ್ಣುಭಾಗವು ಮೊದಲು ಬಲಿತು ಪರಾಗಕೋಶ ಆಮೇಲೆ ತೆರೆಯುವುದರಿಂದ ಒಂದೇ ಭೇಟಿಯಲ್ಲಿ ಎಲ್ಲ ಲಕ್ಷಣಗಳೂ ಸಿಗುವುದಿಲ್ಲ. ಎರಡನೆಯ ಸಲ ಹೋಗಬೇಕಾಗಬಹುದು.

ಯಾವ ಒಂದು ಲಕ್ಷಣವನ್ನೂ ಒಂಟಿಯಾಗಿ ನಂಬಬಾರದು. ಕನಿಷ್ಠ ಮೂರು ಲಕ್ಷಣಗಳು ಒಂದೇ ಹೆಸರನ್ನು ಹೇಳಿದಾಗ ಆ ಹೆಸರನ್ನು ಬರೆಯಬೇಕು. ಹೇಳದಿದ್ದಾಗ ‘ಲುಜುಲಾ, ಪ್ರಭೇದ ಖಚಿತವಿಲ್ಲ’ ಎಂದು ಬರೆಯುವುದು ಲಜ್ಜೆಯ ಸಂಗತಿಯಲ್ಲ. ಊಹೆಯಿಂದ ಬರೆದ ಹೆಸರನ್ನು ಮುಂದೆ ಬಂದವರು ನಿಜವೆಂದು ನಂಬುತ್ತಾರೆ. ಖಚಿತವಿಲ್ಲವೆಂದು ಬರೆದದ್ದನ್ನು ಅವರು ಮತ್ತೊಮ್ಮೆ ಹೋಗಿ ನೋಡುತ್ತಾರೆ. ಅಪರೂಪದ ಗಿಡವನ್ನು ಬೇರುಸಹಿತ ಕಿತ್ತು ತರುವುದಂತೂ ಸಲ್ಲದು. ಚಿತ್ರ ಬರೆಯಬಹುದು, ಛಾಯಾಚಿತ್ರ ತೆಗೆಯಬಹುದು, ಬುಡ, ಎಲೆ ಮತ್ತು ಗೊಂಚಲು ಮೂರೂ ಅದರಲ್ಲಿ ಬರಬೇಕು.

ಸಹ್ಯಾದ್ರಿಯ ಶೋಲಾ ಅಂಚಿನ ಹುಲ್ಲುಗಾವಲುಗಳಲ್ಲಿ ಹಿಮ ಬೀಳುವುದಿಲ್ಲ, ಅಲ್ಲಿಯ ಗಿಡಗಳೂ ಬೇರೆ. ಆದರೆ ದೂರದಿಂದ ನೋಡಿದವರು ಅವುಗಳನ್ನೂ ‘ಬರೀ ಹುಲ್ಲು’ ಎಂದೇ ಕರೆಯುತ್ತಾರೆ. ಬರೀ ಹುಲ್ಲು ಎಂದು ಕಡತದಲ್ಲಿ ಬರೆದ ನೆಲವು ಸುಲಭವಾಗಿ ಪಾಳು ಎನಿಸಿಕೊಳ್ಳುತ್ತದೆ. ಪಾಳು ಎನಿಸಿಕೊಂಡ ನೆಲದಲ್ಲಿ ಏನನ್ನು ನೆಟ್ಟರೂ, ಏನನ್ನು ಅಗೆದರೂ ಕೇಳುವವರಿರುವುದಿಲ್ಲ. ಕರಡ ಕೊಯ್ಯುವ ಹಿರಿಯರ ಕೈಯಲ್ಲಿರುವ ಅರಿವನ್ನು ಶಾಲೆಯ ಮಕ್ಕಳು ನೋಟುಪುಸ್ತಕಕ್ಕೆ ಇಳಿಸಿಕೊಂಡರೆ, ಒಂದು ಗುಡ್ಡದ ಒಂದು ಚೌಕದಲ್ಲಿ ಪ್ರತಿ ವರ್ಷ ಒಂದೇ ವಾರದಲ್ಲಿ ಆ ಹೆಸರುಗಳನ್ನು ಬರೆದಿಟ್ಟರೆ, ಹತ್ತು ವರ್ಷಗಳ ನಂತರ ಆ ಗುಡ್ಡದ ಪರವಾಗಿ ಮಾತನಾಡಲು ಒಂದು ದಾಖಲೆ ಇರುತ್ತದೆ. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಈ ಮಳೆಗಾಲ ಮುಗಿದು ಹುಲ್ಲು ತೆನೆಗಟ್ಟುವಾಗ ಕೆಲಸವನ್ನು ಆರಂಭಿಸಬಹುದು.